ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ಊರು

ಈ ಬೇಸಿಗೆಯಲ್ಲಿ ಕಂಪ್ಲಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಕುದುರಿ ಟ್ರೇಲರ್ ಎಳಿಯಾಕ ಯಾವ ಗಾಡಿ ಚೊಲೋ? ಸ್ಕಾರ್ಪಿಯೋ ತಗೊಳ್ಳಲೋ, ಹೈಲಕ್ಸ್ ತಗೊಳ್ಳಲೋ?"

ಅವನಿಗೆ ಹೊಲದ ಜೊತೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡೋ ಕೆಲಸ. ಸೀಸನ್ ಬಂತಂದ್ರೆ ಇವತ್ತು ಹೊಸಪೇಟೆ, ನಾಳೆ ಸಂಡೂರು, ನಾಡಿದ್ದು ಗಂಗಾವತಿ. ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರೋನು. ಯೂಟ್ಯೂಬಿನಲ್ಲಿ ಕಾರಿನ ರಿವ್ಯೂ ನೋಡ್ತೀನಿ ಅನ್ನೋದಷ್ಟೇ ನನ್ನ ಅರ್ಹತೆ.

ಆದ್ರೆ ಅದು ಶೋಕಿಯ ಪ್ರಶ್ನೆ ಆಗಿರಲಿಲ್ಲ. ಹೋದ ವರ್ಷ ಸಂಡೂರಿನ ಮದುವೆ ಮುಗಿಸಿ, ಬಾಡಿಗೆ ಗೂಡ್ಸ್ ಗಾಡಿಯಲ್ಲಿ ಕುದುರೆ ಹತ್ತಿಸಿಕೊಂಡು ವಾಪಸ್ ಬರ್ತಿದ್ದ. ಇಳಿಜಾರಿನಲ್ಲಿ ಮುಂದಿದ್ದ ಅದಿರು ಲಾರಿ ಗಕ್ಕನೆ ನಿಂತಿತು. ಇವರ ಡ್ರೈವರ್ರೂ ಬ್ರೇಕ್ ಹೊಡೆದ. ಗಾಡಿ ನಿಂತಿತು, ಹಿಂದಿದ್ದ ಕುದುರೆ ನಿಲ್ಲಲಿಲ್ಲ. ಬರೀ ತಗಡಿನ ಮೇಲೆ ಜಾರಿ ಮುಂಗಾಲು ಮುರಿದುಕೊಂಡಿತು, ಉಳಿಯಲಿಲ್ಲ. ಅದರ ಹೆಸರು ಬೊಲ್ಲ. ಕಂಪ್ಲಿಯ ಗಂಡುಗಲಿ ಕುಮಾರರಾಮನ ಕಥೆಯಲ್ಲಿ ಬರೋ ಕುದುರೆಯ ಹೆಸರನ್ನೇ ಇಟ್ಟಿದ್ದ. ಗಾಡಿಯವನು "ಲೋಡಿಗೆ ನಾನು ಜವಾಬ್ದಾರ ಅಲ್ಲ" ಅಂದುಬಿಟ್ಟ. ಉಳಿದದ್ದು ಕುದುರೆ ಮೇಲೆ ಮಾಡಿದ್ದ ಸಾಲ.

ಅವನಿಗೆ ಉತ್ತರ ಹುಡುಕುವಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ನಮ್ಮದೇ ಊರಿನ ಹಳೇ ಕಥೆ. ಐನೂರು ವರ್ಷದ ಹಿಂದೆ ಇದೇ ಹಂಪಿ ಸಾವಿರಾರು ಕುದುರೆಗಳನ್ನು ಸಮುದ್ರದಾಚೆಯಿಂದ ತರಿಸಿಕೊಳ್ತಿತ್ತು. ಅಷ್ಟು ದೂರದಿಂದ ಕುದುರೆಯನ್ನು ಸಾಗಿಸೋದು ಹೇಗೆ ಅನ್ನೋದು ವಿಜಯನಗರದವರಿಗೆ ನಿತ್ಯದ ತಲೆನೋವು.

ಒಳ್ಳೆಯ ಯುದ್ಧದ ಕುದುರೆ ಬರ್ತಿದ್ದದ್ದು ಹೋರ್ಮುಜ್, ಏಡನ್ ಕಡೆಯಿಂದ, ಹಡಗಿನಲ್ಲಿ. ಭಟ್ಕಳ, ಹೊನ್ನಾವರ ನಮ್ಮ ಬಂದರುಗಳು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಕುದುರೆ ವ್ಯಾಪಾರದ ಹಿಡಿತ ಅವರ ಕೈಗೆ ಹೋಯಿತು. ಹಡಗಿನ ಪ್ರಯಾಣ ಸುಖದ್ದಾಗಿರಲಿಲ್ಲ. 1442ರಲ್ಲಿ ಹೋರ್ಮುಜಿನಿಂದ ಹೊರಟ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಜನ ಮತ್ತು ಕುದುರೆ ಒಂದೇ ಹಡಗಿನಲ್ಲಿ ಹಿಡಿಸದೆ ಹಲವು ಹಡಗುಗಳಿಗೆ ಹಂಚಬೇಕಾಯಿತು ಅಂತ ಬರೆದಿದ್ದಾನೆ. ದಾರಿಯಲ್ಲೇ ಸತ್ತ ಕುದುರೆಗಳೂ ಕಡಿಮೆ ಇರಲಿಲ್ಲ.

ಹಾಗಾದ್ರೆ ಆ ನಷ್ಟ ಯಾರದು? ಇದಕ್ಕೆ ಸಾಳುವ ನರಸಿಂಹನ ಉತ್ತರ ವಿಚಿತ್ರವಾಗಿದೆ. ಅವನ ಆಳ್ವಿಕೆ 1485ರಿಂದ 1491. ಅದರ ಬಗ್ಗೆ ಬರೆದವನು ಫೆರ್ನಾವ್ ನುನಿಜ್, 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ. ಸ್ವತಃ ಕುದುರೆ ವ್ಯಾಪಾರಿ, ಹಾಗಾಗಿ ಈ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ಅವನ ಪ್ರಕಾರ ಅರಸ ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ತಿದ್ದ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ನಮ್ಮ ವರಹವನ್ನೇ ಪೋರ್ಚುಗೀಸರು ಪರ್ದಾವ್ ಅಂತಿದ್ದರು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯದೇ ಬೆಲೆ.

ಮೊದಲ ಸಲ ಓದಿದಾಗ ಎಂಥ ದೊಡ್ಡ ಮನಸ್ಸು ಅನ್ನಿಸಿತ್ತು. ಈಗ ಸಾಗಣೆಯ ಕಣ್ಣಿನಿಂದ ನೋಡಿದರೆ ಅದೊಂದು ವಿಮೆ. ಅಪಾಯವನ್ನು ಅರಸ ಹೊತ್ತ, ಅದಕ್ಕೇ ವ್ಯಾಪಾರಿಗಳು ಧೈರ್ಯ ಮಾಡಿದರು, ಸೈನ್ಯಕ್ಕೆ ಕುದುರೆ ಸಿಕ್ಕಿತು. ಮುಂದೆ ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ತಿದ್ದ ಅಂತಲೂ ನುನಿಜ್ ಹೇಳ್ತಾನೆ. ಆದ್ರೆ ಬಾಲಕ್ಕೂ ಪೂರ್ತಿ ದುಡ್ಡು ಬರೋದಾದ್ರೆ ಕುದುರೆಯನ್ನು ಜೋಪಾನವಾಗಿ ತರೋ ಆಸ್ಥೆ ಹಡಗಿನವನಿಗೆ ಎಷ್ಟಿದ್ದೀತು? ವ್ಯಾಪಾರಿಗೆ ನಷ್ಟ ಇಲ್ಲ, ರಾಜ್ಯಕ್ಕೂ ತಡೆದುಕೊಳ್ಳೋ ಶಕ್ತಿ ಇತ್ತು. ಕಷ್ಟವೆಲ್ಲ ಕುದುರೆಯದು.

ಬಂದರಿನಿಂದ ಈಚೆಗೆ ಬೇರೆ ಲೆಕ್ಕ. ಭಟ್ಕಳದಿಂದ ಹಂಪಿಗೆ ಇವತ್ತಿನ ರಸ್ತೆಯಲ್ಲೇ ಸುಮಾರು 300 ಕಿಲೋಮೀಟರ್, ನಡುವೆ ಘಟ್ಟ. 1520ರ ಸುಮಾರಿಗೆ ಬಂದ ದೊಮಿಂಗೋ ಪಾಯೆಸ್, ಭಟ್ಕಳಕ್ಕೆ ಸರಕು ಹೊತ್ತು ಬರೋ ಐದಾರು ಸಾವಿರ ಹೇರೆತ್ತುಗಳ ಬಗ್ಗೆ ಹೇಳ್ತಾನೆ. ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬ ಆಳು. ಅಂದ್ರೆ ಆ ದಾರಿಯಲ್ಲಿ ಸರಕಿಗೆ ಎತ್ತಿನ ಬೆನ್ನು, ಕುದುರೆಗೆ ಅದರದೇ ನಾಲ್ಕು ಕಾಲು. ರಷ್ಯಾದ ಅಫನಾಸಿ ನಿಕಿತಿನ್‌ನನ್ನೂ ನೆನಪಿಸಿಕೊಳ್ಳಿ. 1470ರ ಆಸುಪಾಸಿನಲ್ಲಿ ಒಂದೇ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದ. ಜುನ್ನರಿನಲ್ಲಿ ಅಲ್ಲಿನ ಖಾನ್ ಅದನ್ನು ಕಿತ್ತುಕೊಂಡ, ಕಷ್ಟಪಟ್ಟು ಬಿಡಿಸಿಕೊಂಡ, ಕಡೆಗೆ ನಮ್ಮ ಬೀದರಿನಲ್ಲಿ ಮಾರಿದ. ಅಷ್ಟು ಹೊತ್ತಿಗೆ ಅದರ ಮೇವಿಗೇ ಬೇಕಾದಷ್ಟು ಖರ್ಚಾಗಿತ್ತು. ನನ್ನ ತಮ್ಮನ ಥರದವನೇ, ಇದ್ದ ಬಂಡವಾಳವೆಲ್ಲ ಒಂದು ಕುದುರೆ.

ಇನ್ನು ತುಂಗಭದ್ರೆ. ವಿಜಯ ವಿಠ್ಠಲನ ತೇರುಬೀದಿಯಲ್ಲಿ ಕುದುರೆಗೊಂಬೆ ಮಂಟಪ ನೋಡಿರ್ತೀರಿ. ಅದನ್ನು ದಾಟಿ ತಳವಾರಘಟ್ಟದ ಕಡೆ ಹೋದರೆ ಆನೆಗೊಂದಿಗೆ ಹೊಳೆ ದಾಟೋ ಜಾಗ. ಇಲ್ಲಿನ ಹರಿಗೋಲನ್ನು ಪಾಯೆಸ್ ಬೆರಗಿನಿಂದ ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಬುಟ್ಟಿಯ ಹಾಗೆ ದುಂಡಗೆ, ಹದಿನೈದು ಇಪ್ಪತ್ತು ಜನ ಹಿಡಿಸ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರ್ತದೆ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಆದರೆ ಅವು ಹೆಚ್ಚಾಗಿ ಈಜಿಯೇ ದಾಟ್ತವೆ ಅಂತಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಆಕಾರ ಅದೇ.

ಈ ಮಾತು ನನಗೆ ಬಹಳ ಹಿಡಿಸಿತು. ಹರಿಗೋಲಿಗೆ ಹೊರೋ ಶಕ್ತಿ ಇತ್ತು. ಆದರೂ ಬೆದರೋ ಪ್ರಾಣಿಯನ್ನು ಸುತ್ತುವ ಬುಟ್ಟಿಯಲ್ಲಿ ನಿಲ್ಲಿಸೋದಕ್ಕಿಂತ ಈಜಿಸೋದೇ ವಾಸಿ ಅಂತ ಹೊಳೆಯವರಿಗೆ ಗೊತ್ತಿತ್ತು.

ಅಲ್ಲೇ ಹತ್ತಿರ, 50 ರೂಪಾಯಿ ನೋಟಿನ ಮೇಲಿರೋ ಕಲ್ಲಿನ ರಥ ಇದೆ. ಮುಂದೆ ನಿಂತಿರೋದು ಎರಡು ಆನೆ. ಹತ್ತಿರ ಹೋಗಿ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲದ ಗುರುತು ಕಾಣ್ತದೆ. ಮೊದಲಿದ್ದದ್ದು ಕುದುರೆ, ಆಮೇಲೆ ಆ ಜಾಗದಲ್ಲಿ ಆನೆ ತಂದು ಇಟ್ಟಿದ್ದಾರೆ. ರಥಕ್ಕೂ ಆನೆಗೂ ಅಳತೆ ಹೊಂದಲ್ಲ. ಕಲ್ಲಿನ ರಥ ಓಡಬೇಕಾಗಿಲ್ಲ, ನಡೀತದೆ. ನನ್ನ ತಮ್ಮನೂ ಟ್ರೇಲರಿನ ಬಗ್ಗೆ ಯೋಚಿಸೋ ಮೊದಲೇ ಮುಂದೆ ಯಾವ ಆನೆ ನಿಲ್ಲಿಸೋದು ಅಂತ ಕೇಳ್ತಿದ್ದ.

ಆಮೇಲೆ ಇಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು. ಮೆರವಣಿಗೆ ಕುದುರೆ ಅಂದಾಜು 400 ಕೆಜಿ. ಎರಡು ಕುದುರೆಯ ಟ್ರೇಲರ್ ಖಾಲಿ ಇದ್ದಾಗಲೇ ಸುಮಾರು 1,000 ಕೆಜಿ. ನೀರು, ಮೇವು, ಜೀನು ಸೇರಿದರೆ ಒಂದು ಕುದುರೆಗೇ ಒಂದೂವರೆ ಟನ್. ಎಳೆಯೋ ಗಾಡಿ ಇದಕ್ಕಿಂತ ಭಾರ ಇರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಟ್ರೇಲರೇ ಗಾಡಿಯನ್ನು ತಳ್ಳುತ್ತೆ. ಚಾಸಿ ಮೇಲೆ ಬಾಡಿ ಕೂರಿಸಿದ, ಉದ್ದ ವೀಲ್‌ಬೇಸಿನ ಡೀಸೆಲ್ ಗಾಡಿ ಆಗಬೇಕು. ಕಂಪನಿಯ ಮ್ಯಾನುಯಲ್ಲಿನಲ್ಲಿ ಎಷ್ಟು ಎಳೆಯಬಹುದು ಅಂತ ಬರೆದಿದ್ದಾರೋ ಅದೇ ಮಾತು, ಶೋರೂಮಿನವರು ಹೇಳಿದ್ದಲ್ಲ. ಟ್ರೇಲರಿಗೆ ಅದರದೇ ಬ್ರೇಕ್ ಬೇಕು. ಟ್ರೇಲರಿನ ಒಟ್ಟು ತೂಕದ ಹತ್ತರಿಂದ ಹದಿನೈದು ಪರ್ಸೆಂಟ್ ಕೊಂಡಿಯ ಮೇಲೆ ಕೂರಬೇಕು, ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸ್ತದೆ. ಟ್ರೇಲರಿಗೂ ಆರ್‌ಟಿಒ ನೋಂದಣಿ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಕುದುರೆ ಸಿಮೆಂಟ್ ಮೂಟೆ ಅಲ್ಲ. ತಿರುವು, ಬ್ರೇಕು ಎಲ್ಲದಕ್ಕೂ ಅದು ಕಾಲೂರಿ ಸಾವರಿಸಿಕೊಳ್ಳಬೇಕು. ನೂರು ಕುದುರೆ ಶಕ್ತಿಯ ಎಂಜಿನ್ ಹಿಂದೆ ಒಂದು ನಿಜವಾದ ಕುದುರೆಯ ಕಾಲಿಗೆ ಹಿಡಿತ ಇಲ್ಲದಿದ್ದರೆ ಬೊಲ್ಲನಿಗೆ ಆದದ್ದೇ ಆಗ್ತದೆ.

ಕಂಪ್ಲಿಯಿಂದ ಹೊಸಪೇಟೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಸಂಡೂರಿಗೆ ಇನ್ನೊಂದು ಅಷ್ಟು. ಇಷ್ಟಕ್ಕೆ ಇಪ್ಪತ್ತು ಮೂವತ್ತು ಲಕ್ಷದ ಗಾಡಿ, ಮೇಲೆ ಟ್ರೇಲರ್ ಬೇಕಾ? ನಮ್ಮಲ್ಲಿ ರೇಸ್ ಕುದುರೆಗಳೂ ಹೆಚ್ಚಾಗಿ ಅದಕ್ಕಂತಲೇ ಸಿದ್ಧಪಡಿಸಿದ ಮುಚ್ಚಿದ ಲಾರಿಯಲ್ಲೇ ಓಡಾಡ್ತವೆ. 1978ರ ಪ್ರಾಣಿ ಸಾಗಣೆ ನಿಯಮಗಳು ಪಶುವೈದ್ಯರ ಸರ್ಟಿಫಿಕೇಟ್, ನಡುವೆ ಬಿದಿರಿನ ಗಳ, ನೆಲಕ್ಕೆ ಹುಲ್ಲು ಅಂತೆಲ್ಲ ಹೇಳೋದೂ ಕುದುರೆಯ ಕಾಲು, ತಲೆ ಕಾಪಾಡೋಕೆ.

ಕಡೆಗೆ ತಮ್ಮ ತಗೊಂಡದ್ದು ಒಂದು ಸೆಕೆಂಡ್ ಹ್ಯಾಂಡ್ 407. ಉಳಿದ ದುಡ್ಡಲ್ಲಿ ದಪ್ಪ ರಬ್ಬರ್ ಹಾಸು, ಎತ್ತರದ ಪಕ್ಕಗೋಡೆ, ಇಳಿಜಾರು ಕಡಿಮೆ ಇರೋ ಏರುಹಲಗೆ ಮಾಡಿಸಿದ. ಹೊಸ ಹೆಣ್ಣು ಕುದುರೆ ತರೋ ಮುಂಚೆ ವಿಮೆ ಮಾಡಿಸಿದ. ಸಾಗಣೆಯಲ್ಲಿ ಸತ್ತರೆ ಹಣ ಬರ್ತದಾ ಅಂತ ಪಾಲಿಸಿಯ ಸಣ್ಣ ಅಕ್ಷರವನ್ನೆಲ್ಲ ನನ್ನ ಕೈಲಿ ಓದಿಸಿದ. ಸಾಳುವ ನರಸಿಂಹನ ಬಾಲದ ಕಥೆ ಹೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೊಲ್ಲನ ಬಾಲಾ ನಾ ಇನ್ನೂ ಇಟ್ಕೊಂಡೀನಣ್ಣಾ" ಅಂದ. ನನಗೆ ಏನು ಹೇಳಬೇಕೋ ತಿಳೀಲಿಲ್ಲ.

ಶ್ರಾವಣದಲ್ಲಿ ಮತ್ತೆ ಫೋನ್ ಬಂತು. "ಅಣ್ಣಾ, ಡ್ಯಾಮಿನಿಂದ ನೀರು ಬಿಟ್ಟಾರ. ಕಂಪ್ಲಿ ಸೇತುವಿ ಮುಳುಗೈತಿ. ಗಂಗಾವತಿ ಮದುವಿಗೆ ಹೋಗಲಿಲ್ಲ."

"ಸುತ್ತಿ ಬಳಸಿ ಹೋಗಬಹುದಿತ್ತಲ್ಲೋ?"

"ಮಳಿ ಜೋರೈತಿ, ರಾತ್ರಿ ಬ್ಯಾರೆ. ಅಡ್ವಾನ್ಸ್ ವಾಪಸ್ ಕೊಟ್ಟೆ. ಕುದುರಿ ಮನ್ಯಾಗ ಐತಿ, ಹುಲ್ಲು ತಿನ್ನಾಕತೈತಿ."