ವೈಜಯಂತಿ: ಊರಾಚೆಯ ಶಾಸನಗಳಲ್ಲಿ ಬನವಾಸಿ

ಬನವಾಸಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಪಂಪ, ಅವನ ಬೆನ್ನಿಗೇ ಮಯೂರಶರ್ಮ. ಎರಡನೆಯ ನೆನಪಿನಲ್ಲಿ ರಾಜ್‌ಕುಮಾರ್ ಅಭಿನಯದ 1975ರ ಚಿತ್ರದ ಪಾಲೂ ದೊಡ್ಡದು. ಆದರೆ ಈ ಊರಿನ ಚರಿತ್ರೆಯಲ್ಲಿ ಇಬ್ಬರೂ ತಡವಾಗಿ ಬಂದವರು. ಪಂಪ ಹತ್ತನೆಯ ಶತಮಾನದವನು. ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ್ದು ನಾಲ್ಕನೆಯ ಶತಮಾನದ ನಡುವಿನಲ್ಲಿ. ಅಷ್ಟು ಹೊತ್ತಿಗಾಗಲೇ ವರದಾ ನದಿಯ ದಂಡೆಯ ಈ ನಗರದ ಹೆಸರು ಬಹುದೂರ ಹರಡಿತ್ತು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಥೇರನನ್ನು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ, ಅಂದರೆ ಬನವಾಸಿಗೆ, ಕಳುಹಿಸಿದ ಸಂಗತಿಯನ್ನು ಸಿಂಹಳದ ‘ಮಹಾವಂಸ’ ಹೇಳುತ್ತದೆ. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲೂ ಈ ಊರಿದೆ.

ಆರಂಭ ಕಾಲದ ಬನವಾಸಿಯ ಬಗ್ಗೆ ಹೆಚ್ಚು ಮಾತಾಡುವ ಕಲ್ಲುಗಳಲ್ಲಿ ಬಹುಪಾಲು ಬನವಾಸಿಯಲ್ಲಿಲ್ಲ. ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗುಹೆಯಲ್ಲಿ ಒಂದು ಶಾಸನವಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅದು ಸಾರುತ್ತದೆ. ವೈಜಯಂತಿ ಬನವಾಸಿಯ ಇನ್ನೊಂದು ಹೆಸರು. ಸಹ್ಯಾದ್ರಿಯ ಅಷ್ಟು ಉತ್ತರದಲ್ಲಿ ಅಂಥ ಗುಹೆಗೆ ಹಣ ಸುರಿಯಬಲ್ಲ ವರ್ತಕನಿದ್ದ ಊರು ಬರಿಯ ಕಾಡುಹಳ್ಳಿಯಾಗಿರಲಾರದು. ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಆಳ್ವಿಕೆಯ 18ನೆಯ ವರ್ಷದಲ್ಲಿ ಹೊರಡಿಸಿದ ನಾಸಿಕದ ಶಾಸನದಲ್ಲೂ ‘ವೈಜಯಂತಿ’ ಬರುತ್ತದೆ. ಅದು ಊರಿನ ಹೆಸರೋ ಗೆದ್ದ ಸೇನೆಗೆ ಕೊಟ್ಟ ವಿಶೇಷಣವೋ ಎಂಬ ಚರ್ಚೆ ಇರುವುದರಿಂದ ಅದರ ಮೇಲೆ ಹೆಚ್ಚು ಭಾರ ಹಾಕುವುದು ತರವಲ್ಲ. ನಾಗಾರ್ಜುನಕೊಂಡದ ಸಾಕ್ಷ್ಯ ಹಾಗಲ್ಲ. ಇಕ್ಷ್ವಾಕು ಅರಸ ವೀರಪುರುಷದತ್ತನ ಮಗಳು ಕೊಡಬಲಿಸಿರಿ ಅಲ್ಲಿ ವಿಹಾರ ಕಟ್ಟಿಸಿದಾಗ ತನ್ನನ್ನು ವನವಾಸದ ಮಹಾರಾಜನ ರಾಣಿ ಎಂದೇ ಹೇಳಿಕೊಂಡಿದ್ದಾಳೆ. ಕೃಷ್ಣಾ ಕಣಿವೆಯ ಅರಸುಮನೆ ಹೆಣ್ಣು ಕೊಟ್ಟು ನಂಟು ಬೆಳೆಸುವಷ್ಟು ಬನವಾಸಿಯ ಅರಸರಿಗೆ ತೂಕವಿತ್ತು.

ಊರಲ್ಲೇ ಉಳಿದ ಪ್ರಾಚೀನ ಕುರುಹುಗಳಲ್ಲಿ ನನ್ನ ಕಣ್ಣಿಗೆ ಎಲ್ಲಕ್ಕಿಂತ ಮಿಗಿಲಾದುದು ಮಧುಕೇಶ್ವರ ದೇವಾಲಯದ ಆವರಣದ ನಾಗಶಿಲೆ. ಐದು ಹೆಡೆ ಬಿಚ್ಚಿದ ಸರ್ಪ. ಚಪ್ಪಡಿಯ ಅಂಚಿಗುಂಟ ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತ ಬರಹ. ಚುಟು ವಂಶದ ಶಾತಕರ್ಣಿಯ ಆಳ್ವಿಕೆಯ 12ನೆಯ ವರ್ಷ, ಹೇಮಂತ ಋತು. ನಾಗ, ಕೆರೆ ಮತ್ತು ವಿಹಾರ, ಈ ಮೂರೂ ಅರಸನ ಮಗಳ ದಾನ. ಕೊನೆಗೆ ಶಿಲ್ಪಿಯ ಹೆಸರು: ಆಚಾರ್ಯನೊಬ್ಬನ ಶಿಷ್ಯ ನಟಕ. ಕರ್ನಾಟಕದಲ್ಲಿ ಇಷ್ಟು ಹಿಂದೆ ಹೆಸರು ಬಿಟ್ಟುಹೋದ ಶಿಲ್ಪಿಗಳು ತೀರ ವಿರಳ. ಬಹುತೇಕ ಪ್ರವಾಸಿಗರು ಇದನ್ನು ಸಾಮಾನ್ಯ ನಾಗರಕಲ್ಲೆಂದು ಕೈಮುಗಿದು ಮುಂದೆ ಹೋಗುತ್ತಾರೆ. ಕೈಮುಗಿಯಲಿ; ಅಂಚನ್ನೂ ಒಮ್ಮೆ ನೋಡಲಿ.

ಇದೇ ಚುಟು ಮನೆತನದ ದಾನವೊಂದು ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲಿದೆ. ಅದು ಶೈವ ದೇವರಿಗೆ ಬಿಟ್ಟದ್ದು. ಅಂದರೆ ವಿಹಾರ ಕಟ್ಟಿಸಿದ ಮನೆತನವೇ ಶಿವನಿಗೂ ದತ್ತಿ ಕೊಟ್ಟಿತ್ತು. ಅದೇ ಕಂಬದ ಮೇಲೆ ಕದಂಬ ಅರಸನೊಬ್ಬ ಆ ದತ್ತಿಯನ್ನು ಪ್ರಾಕೃತದಲ್ಲೇ ಮತ್ತೆ ಬರೆಸಿದ. ಹೊಸ ರಾಜವಂಶ ಹಳೆಯದನ್ನು ಅಳಿಸಿ ಬಂದದ್ದಲ್ಲ, ಅದರ ಲೆಕ್ಕವನ್ನು ವಹಿಸಿಕೊಂಡು ಬಂದದ್ದು ಎಂಬುದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲ. ತಾಳಗುಂದದ ಸ್ತಂಭಶಾಸನವೂ ಇದಕ್ಕೆ ದನಿಗೂಡಿಸುತ್ತದೆ. ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ರಚಿಸಿದ ಈ ಸಂಸ್ಕೃತ ಕಾವ್ಯ ಪ್ರಸಿದ್ಧವಾದದ್ದು ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ ಕತೆಗಾಗಿ. ಆದರೆ ತಾಳಗುಂದದ ಶಿವಾಲಯದಲ್ಲಿ ಹಿಂದೆ ಶಾತಕರ್ಣಿ ಮೊದಲಾದವರು ಪೂಜಿಸಿದ್ದರೆಂದೂ ಕುಬ್ಜ ಮರೆಯದೆ ಹೇಳುತ್ತಾನೆ.

ಕದಂಬರ ನಂತರದ ಕತೆ ಬೇಗ ಹೇಳಬಹುದು. ಇಮ್ಮಡಿ ಪುಲಕೇಶಿ ಈ ನಗರವನ್ನು ಮುತ್ತಿ ಗೆದ್ದದ್ದನ್ನು 634ರ ಐಹೊಳೆ ಶಾಸನ ಬಣ್ಣಿಸಿದೆ. ವರದೆ ಮೂರು ಕಡೆ ಬಳಸಿ ಹರಿಯುವುದನ್ನು ಕಂಡವರಿಗೆ ಆ ಶಾಸನದ ಕವಿ ರವಿಕೀರ್ತಿ ಇದನ್ನು ಜಲದುರ್ಗದಂತೆ ಚಿತ್ರಿಸಿದ್ದೇಕೆಂದು ತಿಳಿಯುತ್ತದೆ. ಮುಂದೆ ಇದು ‘ಬನವಾಸಿ ಪನ್ನಿರ್ಛಾಸಿರ’ ಎಂಬ ಪ್ರಾಂತ್ಯದ ಕೇಂದ್ರವಾಯಿತು.

ಇಂದು ಪ್ರವಾಸಿ ನೋಡುವ ಮಧುಕೇಶ್ವರ ದೇವಾಲಯದ ಹೆಚ್ಚಿನ ಭಾಗ ಈ ನಂತರದ ಕಾಲದ್ದೇ. ಕನ್ನಡಿಯಂತೆ ಹೊಳೆಯುವ ಕಂಬಗಳ ಮಂಟಪ, ದೊಡ್ಡ ನಂದಿ, ಸುತ್ತಲಿನ ಅಷ್ಟದಿಕ್ಪಾಲಕರು, ಸೋದೆ ಅರಸರ ಕಾಲದ ಕಲ್ಲಿನ ಮಂಚ, ಎಲ್ಲವೂ ನೋಡತಕ್ಕವೇ. ಆದರೆ ಇಡೀ ಗುಡಿಯನ್ನು ಕದಂಬರ ಲೆಕ್ಕಕ್ಕೆ ಬರೆಯುವ ರೂಢಿ ಸರಿಯಲ್ಲ. ಶಾತವಾಹನ, ಕದಂಬರ ನಗರವಿರುವುದು ಊರ ಸುತ್ತಲಿನ ಇಟ್ಟಿಗೆ ಕೋಟೆಯ ಅವಶೇಷಗಳಲ್ಲಿ, ಉತ್ಖನನದಲ್ಲಿ ಸಿಕ್ಕ ಗಜಪೃಷ್ಠಾಕಾರದ ಇಟ್ಟಿಗೆ ಕಟ್ಟಡಗಳ ತಳಪಾಯದಲ್ಲಿ.

ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿ.ಮೀ. ಅಡಕೆ ತೋಟ, ಅನಾನಸ್ ಹೊಲಗಳ ನಡುವಿನ ದಾರಿ. ಕದಂಬೋತ್ಸವದ ದಿನಗಳಲ್ಲಿ ಊರು ಗಿಜಿಗುಡುತ್ತದೆ. ಶಾಸನ ನೋಡುವ ಆಸೆಯಿದ್ದವರು ಬೇರೆ ದಿನ ಆರಿಸಿಕೊಳ್ಳುವುದು ಮೇಲು. ಬೆಳಿಗ್ಗೆ ನಾಗಶಿಲೆ ಮತ್ತು ಗುಡಿ ನೋಡಿ, ಹತ್ತಿರದ ಗುಡ್ನಾಪುರಕ್ಕೆ ಹೋಗಬಹುದು. ಅಲ್ಲಿಯ ಕೆರೆಯ ಬಳಿ ಸಿಕ್ಕ ಸ್ತಂಭಶಾಸನದಿಂದ ಕದಂಬ ರವಿವರ್ಮ ಕಾಮದೇವನಿಗೆ ಆಲಯ ಕಟ್ಟಿಸಿದ್ದು, ವಸಂತದಲ್ಲಿ ಉತ್ಸವ ನಡೆಯುತ್ತಿದ್ದದ್ದು ತಿಳಿದುಬಂದಿದೆ. ಮಧ್ಯಾಹ್ನದ ಮೇಲೆ ಶಿರಾಳಕೊಪ್ಪದ ಕಡೆ ತಿರುಗಿ ತಾಳಗುಂದ ಸೇರಿದರೆ ಪ್ರಣವೇಶ್ವರ ಗುಡಿಯ ಮುಂದೆ ಕುಬ್ಜನ ಕಂಬ ನಿಂತಿದೆ. ಅಕ್ಷರಗಳು ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುವುದರಿಂದ ಸಂಜೆಯೊಳಗೆ ಅಲ್ಲಿರುವಂತೆ ಹೊರಡಬೇಕು.