ಅಜ್ಜಿ ಮನೆಗೆ ಯಾವ ಕಾಗದ? ಕಾರವಾರದ ಕೋರ್ಟು, ಅಂಕೋಲೆಯ ಮಕ್ಕಳು

ಇಯರ್‌ಫೋನ್ ಸರಿಯಾಗಿ ಹಾಕಿಕೊಳ್ಳಿ, ಇವತ್ತಿನ ಎಪಿಸೋಡ್‌ನಲ್ಲಿ ಇಸವಿಗಳು ಸ್ವಲ್ಪ ಜಾಸ್ತಿ ಇವೆ.

‘ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ’ ನೋಡಿದ್ದೀರಲ್ಲ, 2023ರಲ್ಲಿ ಬಂದ ರಾಣಿ ಮುಖರ್ಜಿ ಸಿನಿಮಾ? ಅದರ ಹಿಂದಿನ ನಿಜವಾದ ಕೇಸು 2011ರದ್ದು. ನಾರ್ವೆಯ ಮಕ್ಕಳ ರಕ್ಷಣಾ ಇಲಾಖೆಯವರು ಒಂದು ಬಂಗಾಳಿ ಕುಟುಂಬದ ಇಬ್ಬರು ಪುಟ್ಟ ಮಕ್ಕಳನ್ನು ಮನೆಯಿಂದ ಕರೆದುಕೊಂಡು ಹೋದರು. ಸಿನಿಮಾ ನೋಡಿದವರಿಗೆಲ್ಲ ನೆನಪಿರೋದು ಅಮ್ಮನ ಅಳು. ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ವಿಷಯ. 2012ರ ಏಪ್ರಿಲ್‌ನಲ್ಲಿ ಆ ಮಕ್ಕಳು ಭಾರತಕ್ಕೆ ವಾಪಸ್ ಬಂದಾಗ ಅವರನ್ನು ಒಪ್ಪಿಸಿದ್ದು ತಾಯಿಗಲ್ಲ, ಅಪ್ಪನ ತಮ್ಮನಿಗೆ. ಆಮೇಲೆ ತಾಯಿ ಇಲ್ಲಿಯ ಮಕ್ಕಳ ಕಲ್ಯಾಣ ಸಮಿತಿ, ಕಲ್ಕತ್ತಾ ಹೈಕೋರ್ಟು ಅಂತ ಓಡಾಡಿ, 2013ರ ಜನವರಿಯಲ್ಲಿ ಮಕ್ಕಳನ್ನು ಪಡೆದರು.

ಅಂದರೆ ಮಗುವಿನ ಮನೆ ಬಾಗಿಲಿಗೆ ಸರ್ಕಾರ ಬಂದು ನಿಂತ ಮೇಲೆ, ಹೆತ್ತವರು ಸರಿಯೋ ತಪ್ಪೋ ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತೆ: ಮಗು ಯಾವ ಬಂಧುವಿನ ಮನೆಗೆ ಹೋಗಬೇಕು? ಆ ಬಂಧುವಿಗೆ ಅಕ್ಷರ ಬಾರದಿದ್ದರೆ, ಕೈಯಲ್ಲಿ ಕಾಸಿಲ್ಲದಿದ್ದರೆ, ಅವರ ಪರವಾಗಿ ಮಾತಾಡೋರು ಯಾರು? ನಾರ್ವೆ ದೂರದ ಮಾತಾಯ್ತು. ಇದೇ ಪ್ರಶ್ನೆಯನ್ನು ಕಾರವಾರ, ಅಂಕೋಲೆಗೆ ತಂದು ಕೇಳೋಣ.

ಕಾರವಾರದ ಟಾಗೋರ್ ಬೀಚಿಗೆ ಆ ಹೆಸರು ಹೇಗೆ ಬಂತು ಅಂತ ಅಲ್ಲಿ ಸೆಲ್ಫಿ ತೆಗೆದವರಿಗೆಲ್ಲ ಗೊತ್ತು. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಪಾಸಾದ ಮೊದಲ ಭಾರತೀಯ, 1880ರ ದಶಕದ ಆರಂಭದಲ್ಲಿ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಬಂದು ಅವರ ಮನೆಯಲ್ಲಿ ಉಳಿದದ್ದು, ‘ಪ್ರಕೃತಿರ ಪ್ರತಿಶೋಧ’ ಅನ್ನೋ ನಾಟಕ ಬರೆದದ್ದು ಆಗಲೇ. ಆ ನಾಟಕದಲ್ಲಿ ಏನಿದೆ ಅಂತ ಮಾತ್ರ ಬಹಳ ಜನ ಹೇಳೋದಿಲ್ಲ. ಜಗತ್ತನ್ನೇ ಬಿಟ್ಟ ಒಬ್ಬ ಸನ್ಯಾಸಿ, ಊರವರು ಮುಟ್ಟಿಸಿಕೊಳ್ಳದ ಒಬ್ಬ ಅನಾಥ ಹುಡುಗಿ. ಅವಳು ಅವನನ್ನು ಅಪ್ಪ ಅಂತ ಹಚ್ಚಿಕೊಳ್ಳುತ್ತಾಳೆ. ಅವನು ಹೆದರಿ ಬಿಟ್ಟು ಹೋಗುತ್ತಾನೆ. ಮನಸ್ಸು ತಡೆಯದೆ ತಿರುಗಿ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ.

ಈಗ ತಮಾಷೆ ನೋಡಿ. ತಮ್ಮ ಇಂಥ ನಾಟಕ ಬರೆಯುತ್ತಿದ್ದಾಗ ಅಣ್ಣ ಕೂರುತ್ತಿದ್ದ ಕುರ್ಚಿಯೇ ಆ ಜಿಲ್ಲೆಯ ಮಕ್ಕಳ ಪಾಲನೆಯ ಕುರ್ಚಿ. ಉತ್ತರ ಕನ್ನಡ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಎರಡು ವರ್ಷ ಬಿಟ್ಟು, 1864ರಲ್ಲಿ, ಮುಂಬಯಿ ಪ್ರಾಂತ್ಯದ ಅಪ್ರಾಪ್ತರಿಗಾಗಿ 20ನೇ ಕಾಯ್ದೆ ಬಂತು. ಅಪ್ರಾಪ್ತ ಮಕ್ಕಳ ದೇಹ ಮತ್ತು ಆಸ್ತಿ, ಎರಡರ ಪಾಲನೆಯೂ ಜಿಲ್ಲೆಯ ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಬಂತು.

ನಾನು ಬಿ.ಕಾಂ. ಓದಿದವನು, ವಕೀಲ ಅಲ್ಲ. ಅದಕ್ಕೇ ಇರಬೇಕು, ಈ ಕಾಯ್ದೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಸೆಟ್ ಕಾಲಂ. ಉಯಿಲಿನ ಮೂಲಕವೋ ಹತ್ತಿರದ ರಕ್ತಸಂಬಂಧದಿಂದಲೋ ಮಗುವಿನ ಆಸ್ತಿ ನೋಡಿಕೊಳ್ಳುವ ಹಕ್ಕು ನನಗಿದೆ ಅನ್ನುವವರು ಕೋರ್ಟಿಗೆ ಬಂದು ಸರ್ಟಿಫಿಕೇಟ್ ಪಡೆಯಬೇಕು. ಸರಿ, ತೋಟ ಇದ್ದ ಮಗುವಿಗೆ ಇದು ರಕ್ಷಣೆ. ಚಿಕ್ಕಪ್ಪ ಅಡಿಕೆ ತೋಟ ನುಂಗಿ ಹಾಕದ ಹಾಗೆ ತಡೆ. ಆದರೆ ನಾಟಕದ ಆ ಹುಡುಗಿ ಬಂದು ನಿಂತಿದ್ದರೆ? ಅವಳ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ. ಕಾಗದದ ಮೇಲೆ ಅವಳೂ ಕೋರ್ಟಿನ ವ್ಯಾಪ್ತಿಗೆ ಬರುತ್ತಾಳೆ, ನಿಜ. ಅವಳಿಗಾಗಿ ಅರ್ಜಿ ಬರೆಸಿ, ವಕೀಲರ ಫೀಸು ಕಟ್ಟಿ, ಕೋರ್ಟು ಹತ್ತೋರು ಯಾರು?

1890ರಲ್ಲಿ ‘ಗಾರ್ಡಿಯನ್ಸ್ ಅಂಡ್ ವಾರ್ಡ್ಸ್’ ಕಾಯ್ದೆ ಬಂತು. ಇವತ್ತಿಗೂ ಜೀವಂತ ಇದೆ. ಅದರ 17ನೇ ಕಲಂ ಪ್ರಕಾರ ಪಾಲಕರನ್ನು ನೇಮಿಸುವಾಗ ನ್ಯಾಯಾಧೀಶರು ಮಗುವಿನ ಹಿತ, ವಯಸ್ಸು, ಪಾಲಕರ ನಡತೆ, ಸಾಮರ್ಥ್ಯ, ಜೊತೆಗೆ ರಕ್ತಸಂಬಂಧ ಎಷ್ಟು ಹತ್ತಿರದ್ದು ಅನ್ನೋದನ್ನೂ ನೋಡಬೇಕು. ಅಜ್ಜಿ, ಸೋದರಮಾವ, ಚಿಕ್ಕಮ್ಮ ಇವರಿಗೆಲ್ಲ ಕಾನೂನಿನಲ್ಲಿ ಜಾಗ ಇತ್ತು ಅಂತಾಯ್ತು. ಬಾಗಿಲು ಮಾತ್ರ ಅದೇ, ಜಿಲ್ಲಾ ಕೋರ್ಟಿನದು.

ಇನ್ನು ಬಾಗಿಲ ಹೊರಗಿದ್ದವರು. ಬೆಲೇಕೇರಿ, ಹಾರವಾಡ, ಬೈತಖೋಲ ಕಡೆ ಮೀನುಗಾರರ ಮನೆಗಳಲ್ಲಿ, ಗಂಗಾವಳಿ ದಂಡೆಯ ಹಾಲಕ್ಕಿ ಕೊಪ್ಪಗಳಲ್ಲಿ, ಅಪ್ಪ ತೀರಿಕೊಂಡರೆ, ಅಮ್ಮ ಕೆಲಸಕ್ಕೆ ಗೋವಾಕ್ಕೆ ಹೋದರೆ, ಮಗು ಅಜ್ಜಿ ಮನೆಗೆ ಹೋಯ್ತು, ಅಷ್ಟೇ. ಯಾರೂ ಯಾರನ್ನೂ ಕೇಳಲಿಲ್ಲ, ಯಾವ ಕಾಗದಕ್ಕೂ ಸಹಿ ಬೀಳಲಿಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದ ನಮ್ಮ ಸುಕ್ರಜ್ಜಿ, ಸಾಕುಮಗನನ್ನು ಕುಡಿತಕ್ಕೆ ಕಳೆದುಕೊಂಡವರು. ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದದ್ದರ ಹಿಂದೆ ಆ ನೋವೂ ಇತ್ತು. ಸಾಕುಮಗ, ಸಾಕುತಾಯಿ ಅನ್ನೋ ಪದಗಳು ಕಾಯ್ದೆ ಪುಸ್ತಕದಿಂದ ನಮ್ಮ ಬಾಯಿಗೆ ಬಂದವಲ್ಲ.

ಈ ಮಧ್ಯೆ ಬಡವರ ಮಕ್ಕಳಿಗಾಗಿಯೇ ಬೇರೆ ಥರದ ಕಾನೂನು ಹುಟ್ಟಿಕೊಂಡಿತು. ಬೀದಿಯಲ್ಲಿ ಸಿಕ್ಕ, ಹಿಂಸೆಗೆ ಒಳಗಾದ, ದಿಕ್ಕಿಲ್ಲದ ಮಗುವನ್ನು ಸರ್ಕಾರವೇ ವಶಕ್ಕೆ ತೆಗೆದುಕೊಳ್ಳುವ ಕಾನೂನು. ಇಂಗ್ಲೆಂಡಿನ 1908ರ ಮಕ್ಕಳ ಕಾಯ್ದೆಯಲ್ಲಿ, ಮಗುವನ್ನು ‘ಬಂಧುವಿಗೆ ಅಥವಾ ಇನ್ನೊಬ್ಬ ಯೋಗ್ಯ ವ್ಯಕ್ತಿಗೆ’ ಒಪ್ಪಿಸಬಹುದು ಅನ್ನೋ ಅರ್ಥದ ಮಾತಿದೆ. ‘ಫಿಟ್ ಪರ್ಸನ್’ ಅನ್ನೋ ಆ ಪದ ನಮ್ಮ ಇವತ್ತಿನ ಕಾಯ್ದೆಯಲ್ಲೂ ಕೂತಿದೆ. ಇಲ್ಲಿ ಮೊದಲು ಮದ್ರಾಸ್ 1920ರಲ್ಲಿ, ಆಮೇಲೆ ಮುಂಬಯಿ 1924ರಲ್ಲಿ ಮಕ್ಕಳ ಕಾಯ್ದೆ ಮಾಡಿದವು. ಹಾಗಾಗಿ ಮಂಗಳೂರಿಗೆ ಮದ್ರಾಸಿನ ಪುಸ್ತಕ, ಕಾರವಾರಕ್ಕೆ ಮುಂಬಯಿಯ ಪುಸ್ತಕ. ಪುಸ್ತಕ ಅಂತ ಬೇಕೆಂದೇ ಹೇಳಿದೆ. ಮುಂಬಯಿ ಕಾಯ್ದೆಯ ಅಸಲಿ ಕೆಲಸ ಶುರುವಾದದ್ದು ಮುಂಬಯಿ ನಗರದಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1964ರಲ್ಲಿ ರಾಜ್ಯಕ್ಕೊಂದು ಮಕ್ಕಳ ಕಾಯ್ದೆ, 1986ರಲ್ಲಿ ಇಡೀ ದೇಶಕ್ಕೊಂದು, 2000ದಲ್ಲಿ ಮತ್ತೊಂದು, 2015ರಲ್ಲಿ ಈಗಿನದು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ದೆಹಲಿಯಂಥ ಕೇಂದ್ರಾಡಳಿತ ಪ್ರದೇಶಗಳಿಗೆ ಮಾಡಿದ 1960ರ ಮಕ್ಕಳ ಕಾಯ್ದೆಯಲ್ಲಿ, ಮಕ್ಕಳ ಕಲ್ಯಾಣ ಮಂಡಳಿಯ ಮುಂದೆ ವಿಶೇಷ ಅನುಮತಿ ಇಲ್ಲದೆ ವಕೀಲರು ಬರುವ ಹಾಗಿರಲಿಲ್ಲ. ಉದ್ದೇಶ ಒಳ್ಳೆಯದೇ. ಇದು ಕೋರ್ಟಲ್ಲ, ಕರಿಕೋಟು ಬೇಡ, ಮಗು ಹೆದರಬಾರದು, ಮನೆಯವರ ಹಾಗೆ ಕೂತು ಮಾತಾಡೋಣ. ಕೇಳೋಕೆ ಚಂದ. ಆದರೆ ಮೇಜಿನ ಆ ಬದಿಯಲ್ಲಿ ಕೂತವರಿಗೆ ಕಾನೂನು ಗೊತ್ತು, ಈ ಬದಿಯಲ್ಲಿ ನಿಂತ ಅಜ್ಜಿಗೆ ಗೊತ್ತಿಲ್ಲ. ಆಗ ಅದು ಮನೆಮಾತು ಹೇಗಾಗುತ್ತೆ? ಆ ನಿಯಮ ಹೋಗಿದೆ. ಇಂಥ ಕಡೆ ವಕೀಲರು ಯಾಕೆ ಅನ್ನೋ ಮನೋಭಾವ ಪೂರ್ತಿ ಹೋಗಿದೆ ಅಂತ ನನಗೆ ಅನ್ನಿಸೋದಿಲ್ಲ.

ಇನ್ನೊಂದು ಕಡೆಯಿಂದ ಬೇರೊಂದು ಇತಿಹಾಸ ನಡೆದು ಬರ್ತಾ ಇತ್ತು. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು: ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಉಚಿತ ಕಾನೂನು ನೆರವು ಕೊಡಬೇಕು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪಾಸಾಯ್ತು. ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ಎಂಟು ವರ್ಷ! ಅದರ ಪ್ರಕಾರ ಪ್ರತಿ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಅಂದರೆ ಸತ್ಯೇಂದ್ರನಾಥರು ಕೂತಿದ್ದ ಹುದ್ದೆಯೇ ಈಗ ಕಾರವಾರದಲ್ಲಿ ಬಡವರಿಗೆ ವಕೀಲರನ್ನು ಕೊಡುವ ಸಂಸ್ಥೆಯ ತಲೆ. ಫೀಸು ಕಟ್ಟಿ ಹತ್ತಬೇಕಿದ್ದ ಕೋರ್ಟಿನಿಂದಲೇ ಫೀಸಿಲ್ಲದ ವಕೀಲರು ಹೊರಗೆ ಬರೋದಕ್ಕೆ, 1864ರಿಂದ ಲೆಕ್ಕ ಹಾಕಿದರೆ, 131 ವರ್ಷ ಬೇಕಾಯ್ತು.

ಈ ಕಾಯ್ದೆಯ 12ನೇ ಕಲಂ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳುವಂಥದ್ದು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಹಾಗಾಗಿ ಅಜ್ಜಿ, ಅಮ್ಮ, ಚಿಕ್ಕಮ್ಮ ನೇರವಾಗಿ ಕೇಳಬಹುದು. ಅಜ್ಜ, ಸೋದರಮಾವ ಆದರೆ ಆದಾಯದ ಮಿತಿಯೊಳಗೆ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಪ್ರವಾಹದಂಥ ವಿಪತ್ತಿಗೆ ಸಿಕ್ಕವರಿಗೆ ಆ ಮಿತಿ ಇಲ್ಲ. 2019ರಲ್ಲಿ ಗಂಗಾವಳಿ ಉಕ್ಕಿದಾಗ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಮನೆ, ಮನೆಯವರನ್ನು ಕಳೆದುಕೊಂಡವರಿಗೆ ಇದನ್ನು ಯಾರಾದರೂ ಹೇಳಿರಲಿ ಅಂತ ಆಸೆ. ಮಗುವಿಗೆ ಸಿಗುವ ವಕೀಲರು ಬೇರೆ, ಅಜ್ಜಿಗೆ ಸಿಗುವ ವಕೀಲರು ಬೇರೆ, ಅದನ್ನೂ ನೆನಪಿಡಿ. ಮಗುವಿನ ವಕೀಲರು ಮಗುವಿನ ಪರ. ಅಜ್ಜಿ ಮನೆಯೇ ಮಗುವಿಗೆ ಸರಿ ಅಂತ ವಾದಿಸೋಕೆ ಅಜ್ಜಿಗೆ ತನ್ನದೇ ವಕೀಲರು ಬೇಕು.

ಈಗ 2015ರ ಬಾಲನ್ಯಾಯ ಕಾಯ್ದೆ, ಜಾರಿಗೆ ಬಂದದ್ದು 2016ರ ಜನವರಿ 15ಕ್ಕೆ. ಯಾರೋ 1098ಕ್ಕೆ ಫೋನ್ ಮಾಡ್ತಾರೆ: ಈ ಹುಡುಗನ ಅಪ್ಪ ಕುಡಿದು ಹೊಡೀತಾನೆ, ಅಮ್ಮ ಇಲ್ಲ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಪ್ರಯಾಣದ ಹೊತ್ತು ಅದರಲ್ಲಿ ಸೇರೋದಿಲ್ಲ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. 15 ದಿನದಲ್ಲಿ ಮನೆಯ ಸಾಮಾಜಿಕ ತನಿಖೆಯ ವರದಿ, ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ. ಈ ನಾಲ್ಕು ತಿಂಗಳಲ್ಲೇ ಎಲ್ಲ ತೀರ್ಮಾನ ಆಗೋದು, ಅಜ್ಜಿಗೆ ವಿಷಯ ಅರ್ಥ ಆಗುವ ಹೊತ್ತಿಗೆ ಅದರಲ್ಲಿ ಎಷ್ಟೋ ಕಳೆದಿರುತ್ತೆ.

ಅಜ್ಜಿಯ ಕೈಯಲ್ಲಿ ಪಾಲಕತ್ವದ ಕಾಗದ ಇರೋದಿಲ್ಲ. ಹಾಗಂತ ಅವಳು ಹೊರಗಿನವಳಾ? ಕಾಯ್ದೆ ಹಾಗೆ ಹೇಳೋದಿಲ್ಲ. ‘ಪಾಲಕರು’ ಅಂದರೆ ಸಹಜ ಪಾಲಕರು ಮಾತ್ರವಲ್ಲ. ಮಗು ನಿಜವಾಗಿ ಯಾರ ಆರೈಕೆಯಲ್ಲಿದೆಯೋ, ಯಾರನ್ನು ಸಮಿತಿ ವಿಚಾರಣೆಯಲ್ಲಿ ಪಾಲಕರೆಂದು ಗುರುತಿಸುತ್ತದೋ, ಅವರೂ ಪಾಲಕರೇ. ಇನ್ನೂ ಒಂದಿದೆ. ಹೆತ್ತವರಿಲ್ಲದ ಮಗು ರಕ್ಷಣೆಯ ಅಗತ್ಯವಿರುವ ಮಗು ಆಗೋದು, ನೋಡಿಕೊಳ್ಳೋಕೆ ಯಾರೂ ಮುಂದೆ ಬರದಿದ್ದಾಗ. ಅಜ್ಜಿ ನಾನಿದ್ದೀನಿ ಅಂತ ಮುಂದೆ ಬಂದಿದ್ದಾಳಲ್ಲ! ಮಗುವನ್ನು ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ ಅಂತಲೂ ಕಾಯ್ದೆಯ ಮೂಲತತ್ವಗಳಲ್ಲೇ ಬರೆದಿದೆ. ಈ ಮೂರು ಮಾತನ್ನು ಸಮಿತಿಯ ಮುಂದೆ, ಸರಿಯಾದ ದಿನ, ಬರವಣಿಗೆಯಲ್ಲಿ ಇಡುವವರೊಬ್ಬರು ಬೇಕು. ವಕೀಲರ ಕೆಲಸ ಇಲ್ಲಿ ಗುಡುಗೋದಲ್ಲ, ಇಷ್ಟೇ. ಆದೇಶ ವಿರುದ್ಧ ಬಂದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ. ಪೋಷಕ ಆರೈಕೆ, ಪ್ರಾಯೋಜಕತ್ವದ ತೀರ್ಮಾನ ಆದರೆ ಜಿಲ್ಲಾಧಿಕಾರಿಗೆ.

ಅಜ್ಜಿ ಪರವಾದ ಎಲ್ಲ ವಾದವೂ ಸರಿ ಅಂತ ನಾನು ಹೇಳ್ತಾ ಇಲ್ಲ. ಹೊಡೆಯುವ ಅಪ್ಪ ಅದೇ ಅಂಗಳದಲ್ಲಿ ಮಲಗುತ್ತಾನೆ ಅಂದರೆ ಅಜ್ಜಿ ಮನೆಯೂ ಸುರಕ್ಷಿತ ಅಲ್ಲ. ಸಮಿತಿ ಕೇಳಬೇಕಾದ ಪ್ರಶ್ನೆ ಅದು, ಕೇಳಲಿ. ಆದರೆ ‘ವಯಸ್ಸಾಗಿದೆ’, ‘ಬಡವಳು’ ಅಂತ ಮಾತ್ರ ಹೇಳಿ ಫೈಲ್ ಮುಚ್ಚೋದು ಬೇರೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತು. ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಗುಜರಾತಿನ ಹುಡುಗನನ್ನು ಹೈಕೋರ್ಟ್ ತಾಯಿಯ ಕಡೆಯ ಚಿಕ್ಕಮ್ಮನಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ಅಪ್ಪನ ಕಡೆಯ ಅಜ್ಜ ಅಜ್ಜಿಗೆ ಕೊಟ್ಟಿತು. ಆದಾಯ, ವಯಸ್ಸು, ದೊಡ್ಡ ಕುಟುಂಬ ಇವಷ್ಟೇ ಅಳತೆಗೋಲಾಗಬಾರದು ಅಂದಿತು.

ಕಾಸಿನ ವಿಷಯಕ್ಕೆ ಬರೋಣ, ನನ್ನ ಏರಿಯಾ. 2021ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಪ್ರಕಟಿಸಿತು, ಕೋವಿಡ್‌ನಿಂದ ಅನಾಥರಾದ ಮಕ್ಕಳನ್ನು ಸಾಕುವವರಿಗೆ ತಿಂಗಳಿಗೆ 3,500 ರೂಪಾಯಿ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000. ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳಿಗೂ ಸಿಗುತ್ತೆ. ಷರತ್ತು ಏನಂದರೆ ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ದಾಟಬಾರದು, ಬೇರೆ ಕಡೆ 96,000. 72,000 ಭಾಗಿಸು 12, ತಿಂಗಳಿಗೆ 6,000. ಬೋಟಿಗೆ ಹೋಗುವ ಮಾವ ಒಬ್ಬ ಮನೆಯಲ್ಲಿದ್ದರೆ ಲೆಕ್ಕ ಅಲ್ಲೇ ಮುಗೀತು. ಮಗುವನ್ನು ಸಾಕೋಕೆ ಬೇಕಾದಷ್ಟು ದುಡಿಯುವ ಮನೆಗೆ ನೆರವಿಲ್ಲ, ನೆರವು ಸಿಗುವಷ್ಟು ಬಡ ಮನೆಯನ್ನು ನೋಡಿ ‘ಇಲ್ಲಿ ಮಗು ಇರಬಹುದಾ’ ಅನ್ನೋ ಅನುಮಾನ. ಈ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗೋದಿಲ್ಲ.

ಸೀಬರ್ಡ್ ನೌಕಾನೆಲೆಯ ಮಾತು ಬಿಟ್ಟರೆ ಕಾರವಾರದವರು ನನ್ನನ್ನು ಸುಮ್ಮನೆ ಬಿಡೋದಿಲ್ಲ. 1986ರಲ್ಲಿ ಶಂಕುಸ್ಥಾಪನೆ ಆದ ಆ ಯೋಜನೆಗೆ ಕಾರವಾರ, ಅಂಕೋಲೆ ಎರಡೂ ತಾಲ್ಲೂಕಿನ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಬೇಲಿಯಾಚೆ ಅಜ್ಜಿ, ಈಚೆ ದೊಡ್ಡಮ್ಮ ಅಂತ ಇದ್ದ ಕೇರಿ ಚದುರಿದರೆ ಏನು ಹೋಯ್ತು ಅನ್ನೋದಕ್ಕೆ ಪರಿಹಾರದ ಅರ್ಜಿಯಲ್ಲಿ ಕಾಲಂ ಇರೋದಿಲ್ಲ.

ಬೇರೆ ದೇಶದವರು ಇದನ್ನೆಲ್ಲ ಬಗೆಹರಿಸಿಕೊಂಡಿದ್ದಾರಾ? ಅಮೆರಿಕದ ಸುಪ್ರೀಂ ಕೋರ್ಟ್ 1981ರಲ್ಲಿ, ಮಗುವಿನ ಮೇಲಿನ ಹಕ್ಕನ್ನೇ ಕಳೆದುಕೊಳ್ಳುತ್ತಿರುವ ಬಡ ತಾಯಿಗೂ ಪ್ರತಿ ಕೇಸಿನಲ್ಲಿ ವಕೀಲರನ್ನು ಕೊಡಲೇಬೇಕೆಂದೇನಿಲ್ಲ ಅಂದಿತು. ಇಂಗ್ಲೆಂಡಿನಲ್ಲಿ ಸರ್ಕಾರ ಮಗುವನ್ನು ವಶಕ್ಕೆ ಕೇಳಿ ಕೋರ್ಟಿಗೆ ಹೋದರೆ ಹೆತ್ತವರಿಗೆ ಆದಾಯ ನೋಡದೆ ವಕೀಲರು ಸಿಗುತ್ತಾರೆ, ಅಜ್ಜಿಗೆ ಹಾಗೆ ತಾನಾಗಿ ಸಿಗೋದಿಲ್ಲ. ಆ ಲೆಕ್ಕದಲ್ಲಿ ನಮ್ಮ 12ನೇ ಕಲಂ ಅಜ್ಜಿಯ ಮಟ್ಟಿಗೆ ಉದಾರವಾಗಿಯೇ ಇದೆ. ಕಾಗದದ ಮೇಲೆ.

ಅಂಕೋಲೆಯವರು ವಕೀಲರನ್ನು ಕೇಳೋಕೆ ಕಾರವಾರದ ಬಸ್ ಹತ್ತಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಅಂಕೋಲೆಯ ಕೋರ್ಟಿನಲ್ಲೇ ಇದೆ. ಫೋನಾದರೆ 15100. ಅರ್ಜಿ ಬಿಳಿ ಹಾಳೆಯ ಮೇಲೆ ಇದ್ದರೂ ನಡೆಯುತ್ತೆ. ಬರೆಯೋಕೆ ಬರದಿದ್ದರೆ ಬಾಯಲ್ಲಿ ಹೇಳಬಹುದು, ಅಲ್ಲಿಯವರು ಬರೆದುಕೊಳ್ಳಬೇಕು. ಹೋಗುವಾಗ ಮಗುವಿನ ಶಾಲೆಯ ದಾಖಲೆ, ರೇಷನ್ ಕಾರ್ಡು, ಅಂಗನವಾಡಿ ಕಾರ್ಡು, ಮಗು ಎಷ್ಟು ವರ್ಷದಿಂದ ಆ ಮನೆಯಲ್ಲಿದೆ ಅಂತ ತೋರಿಸುವ ಏನೇ ಇದ್ದರೂ ಚೀಲಕ್ಕೆ ಹಾಕಿಕೊಳ್ಳಲಿ. ಸಮಿತಿಯ ಆದೇಶದ ಪ್ರತಿ ಕೇಳಿ ಪಡೆಯಲಿ. ಮೇಲ್ಮನವಿಯ 30 ದಿನ ಎಣಿಸೋದು ಆ ಆದೇಶದ ತಾರೀಕಿನಿಂದ.