ಜೀತ ಪದ್ಧತಿ ನಿರ್ಮೂಲನಾ ದಿನ

ಜೀತ ಕಾರ್ಮಿಕ ಪದ್ಧತಿಯನ್ನು ರದ್ದುಪಡಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1976ರ ಫೆಬ್ರವರಿ 9ರಂದು. ಸುಗ್ರೀವಾಜ್ಞೆಯ ರೂಪದಲ್ಲಿ ಅದು 1975ರ ಅಕ್ಟೋಬರ್ 25ರಿಂದಲೇ ಜಾರಿಯಲ್ಲಿತ್ತು. ಕರ್ನಾಟಕದಲ್ಲಿ ಪ್ರತಿವರ್ಷ ಫೆಬ್ರವರಿ 9ನ್ನು ಜೀತ ಪದ್ಧತಿ ನಿರ್ಮೂಲನಾ ದಿನವಾಗಿ ಆಚರಿಸಲಾಗುತ್ತದೆ.

ಜೀತ ಎಂಬ ಮಾತಿಗೆ ಮೊದಲು ಕೆಟ್ಟ ಅರ್ಥವೇನೂ ಇರಲಿಲ್ಲ. ಸಂಸ್ಕೃತದ ‘ಜೀವಿತ’ದಿಂದ ಬಂದ ಈ ಪದಕ್ಕೆ ಸಂಬಳವೆಂದೇ ಅರ್ಥವಿತ್ತು, ತೆಲುಗಿನಲ್ಲಿ ಇಂದಿಗೂ ‘ಜೀತಂ’ ಎಂದರೆ ಪಗಾರ. ಕನ್ನಡದಲ್ಲಿ ಅದು ಸಾಲಕ್ಕೆ ಮೈ ಒತ್ತೆಯಿಟ್ಟ ದುಡಿಮೆಯ ಹೆಸರಾಯಿತು.

ಗುಲಾಮಗಿರಿಯನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದೆಂದು ಕಂಪನಿ ಸರ್ಕಾರ 1843ರಲ್ಲೇ ಕಾಯ್ದೆ ಮಾಡಿತ್ತು. ಜಮೈಕಾದಲ್ಲಿ ಆಗಸ್ಟ್ 1, ಅಮೆರಿಕದ ಟೆಕ್ಸಾಸ್‌ನಲ್ಲಿ ಜೂನ್ 19 ಬಿಡುಗಡೆಯ ಹಬ್ಬಗಳಾದವು. 1843ರ ಕಾಯ್ದೆ ಮಾತ್ರ ನಮ್ಮಲ್ಲಿ ಹಬ್ಬವಾಗಲಿಲ್ಲ. ಆಳಿನ ಮೇಲಿನ ಒಡೆತನ ಕಾಗದದಲ್ಲಿ ಹೋಯಿತು, ಸಾಲದ ಪತ್ರ ಉಳಿಯಿತು. ಅಪ್ಪ ಮಾಡಿದ ಸಾಲಕ್ಕೆ ಮಗ ದನ ಕಾಯುವುದು ತಪ್ಪಲಿಲ್ಲ.

ಫೆಬ್ರವರಿ 9 ಕೂಡ ಬಹುಮಟ್ಟಿಗೆ ಕಚೇರಿಯ ದಿನವೇ. ಬಾಗಲಕೋಟೆ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಮತ್ತು ಸರ್ಕಾರಿ ಇಲಾಖೆಗಳು ಸೇರಿ ಕಾರ್ಯಕ್ರಮ ನಡೆಸುತ್ತವೆ. ಸಾಲಾಗಿ ನಿಂತ ಸಿಬ್ಬಂದಿ ಬಲಗೈ ಮುಂದೆ ಚಾಚುತ್ತಾರೆ, ಒಬ್ಬರು ಪ್ರತಿಜ್ಞಾ ವಿಧಿ ಬೋಧಿಸುತ್ತಾರೆ, ಉಳಿದವರು ಸಾಲು ಸಾಲಾಗಿ ಹೇಳುತ್ತಾರೆ. ಹಲಗಿ ಬಡಿತ, ನೀಲಿ ಬಾವುಟ, ಮೆರವಣಿಗೆ ಬೇಕೆಂದರೆ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯವರೆಗೆ ಕಾಯಬೇಕು. ಬಾದಾಮಿ, ಹುನಗುಂದದ ದಲಿತ ಕೇರಿಗಳಿಗೆ ಬಿಡುಗಡೆಯ ಹಬ್ಬ ಎನ್ನಬಹುದಾದದ್ದು ಅದೇ.

ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ ಕೊಟ್ಟ ತೀರ್ಪು ಫರೀದಾಬಾದಿನ ಕಲ್ಲುಗಣಿಗಳಿಗೆ ಸಂಬಂಧಿಸಿದ್ದು. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಸಾಲವೋ ಮುಂಗಡವೋ ಇದೆಯೆಂದೇ ಊಹಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು ಕೋರ್ಟ್. ಕೆಂಪು ಗ್ರಾನೈಟ್‌ಗೂ ಸೀರೆಯ ಮಗ್ಗಕ್ಕೂ ಹೆಸರಾದ ಇಳಕಲ್ಲಿನಂಥ ಊರಿನಲ್ಲಿ ನೆನಪಿಡಬೇಕಾದ ಮಾತಿದು. ಮುಂಗಡ ಹಿಡಿದವರೆಲ್ಲ ಜೀತದಾಳುಗಳಲ್ಲ. ಆ ಹಣದ ದೆಸೆಯಿಂದ ಬೇರೆ ಕೆಲಸ ಹಿಡಿಯುವ, ಬೇರೆ ಊರಿಗೆ ಹೋಗುವ ಅಥವಾ ಕನಿಷ್ಠ ಕೂಲಿ ಕೇಳುವ ಹಕ್ಕು ಹೋದರೆ ಕಾಯ್ದೆಯ ಪ್ರಕಾರ ಅದು ಜೀತ.

ಹಾಗೆಂದು ಖಚಿತವಾದ ಮೇಲೆ ಉಪವಿಭಾಗಾಧಿಕಾರಿ ಬಿಡುಗಡೆ ಪತ್ರ ಕೊಡುತ್ತಾರೆ. ಸಾಲ ತೀರಿಸಬೇಕಿಲ್ಲ, ಕಾಯ್ದೆಯೇ ಅದನ್ನು ಅಳಿಸಿಹಾಕಿದೆ. 2016ರ ಕೇಂದ್ರ ಯೋಜನೆಯಂತೆ ಪುನರ್ವಸತಿಗೆ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ ರೂಪಾಯಿ ನಿಗದಿಯಾಯಿತು. ಜೀತಕ್ಕಿಟ್ಟವನಿಗೆ 3 ವರ್ಷದವರೆಗೆ ಸೆರೆವಾಸ. ದಂಡದ ಮಿತಿ ಮಾತ್ರ 1976ರಲ್ಲಿ ಬರೆದಷ್ಟೇ: 2,000 ರೂಪಾಯಿ.